72ರ ಮೆದುಳಲ್ಲಿ ಹೊಸ ರಕ್ತನಾಳ ಚಿಗುರುತ್ತಾ?

ಪ್ರಶ್ನೆ: ಅಪ್ಪನಿಗೆ 72 ವರ್ಷ. ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆಗಿ ಎರಡು ತಿಂಗಳಾಯಿತು. ಎಡಗೈಯಲ್ಲಿ ಅಂಗಿ ಗುಂಡಿ ಹಾಕಿಕೊಳ್ಳೋಕೆ ಇನ್ನೂ ಒದ್ದಾಡುತ್ತಾರೆ. ಪಕ್ಕದ ಹಾಸಿಗೆಯಲ್ಲಿದ್ದ 40ರ ಒಬ್ಬರು ಆಗಲೇ ಕೆಲಸಕ್ಕೆ ಹೋಗ್ತಿದ್ದಾರೆ. ಮೆದುಳಲ್ಲಿ ಹೊಸ ರಕ್ತನಾಳ ಬೆಳೆಯುತ್ತಂತೆ. ಈ ವಯಸ್ಸಲ್ಲೂ ಬೆಳೆಯುತ್ತಾ?

ಉತ್ತರ: ಬೆಳೆಯುತ್ತೆ. ನಿಧಾನ, ಸ್ವಲ್ಪ ಕಡಿಮೆ, ಆದರೆ ಬೆಳೆಯುತ್ತೆ.

ರಕ್ತ ನಿಂತ ಜಾಗದ ನಡುಭಾಗ ಸತ್ತುಹೋಗುತ್ತೆ. ಅದರ ಸುತ್ತಲಿನ ಅಂಚು ಇನ್ನೂ ಜೀವ ಹಿಡಿದುಕೊಂಡಿರುತ್ತೆ. ಆಮ್ಲಜನಕ ಸಾಲದ ಅಲ್ಲಿನ ಜೀವಕೋಶಗಳು ವಿಇಜಿಎಫ್ ಅನ್ನೋ ಪ್ರೋಟೀನ್ ಬಿಡುತ್ತವೆ. ಆಗ ಪಕ್ಕದ ರಕ್ತನಾಳದ ಗೋಡೆಯಲ್ಲಿರೋ ಒಂದು ಜೀವಕೋಶ ಬೆರಳಿನಂಥ ಎಳೆಗಳನ್ನು ಚಾಚಿ ಆ ಕಡೆಗೆ ತೆವಳುತ್ತೆ, ಹಿಂದಿನವು ಒಡೆದು ಎರಡಾಗುತ್ತಾ ಅದನ್ನೇ ಹಿಂಬಾಲಿಸುತ್ತವೆ, ಆಮೇಲೆ ಆ ಸಾಲಿನೊಳಗೆ ಟೊಳ್ಳಾಗಿ ರಕ್ತ ಹರಿಯೋಕೆ ಶುರುವಾಗುತ್ತೆ. ಕೆಲವೇ ದಿನಗಳಲ್ಲಿ ಶುರುವಾಗೋ ಈ ಕೆಲಸ ವಾರಗಟ್ಟಲೆ ನಡೆಯುತ್ತೆ.

ವಯಸ್ಸಾದಾಗ ಎಡವೋದು ಒಂದೇ ಕಡೆ ಅಲ್ಲ. ವಿಇಜಿಎಫ್ ಕಡಿಮೆ ಬರುತ್ತೆ. ಗೋಡೆಯ ಕೆಲವು ಜೀವಕೋಶಗಳು ಒಡೆದು ಎರಡಾಗೋದನ್ನೇ ನಿಲ್ಲಿಸಿ, ಸುತ್ತ ಉರಿಯೂತ ಎಬ್ಬಿಸುತ್ತಾ ಕೂರುತ್ತವೆ. ಹೊಸ ನಾಳವನ್ನು ಹೊರಗಿನಿಂದ ತಬ್ಬಿ ಗಟ್ಟಿ ಮಾಡೋ ಪೆರಿಸೈಟ್ ಕೋಶಗಳೂ ಕಮ್ಮಿ, ಹಾಗಾಗಿ ಬೆಳೆದ ನಾಳ ಸೋರುತ್ತೆ.

ಹಾಗಾದ್ರೆ ವಿಇಜಿಎಫ್ ಚುಚ್ಚಿಬಿಡಬಹುದಲ್ವಾ ಅನ್ನಿಸುತ್ತೆ. ಇಲಿಗಳಲ್ಲಿ ನೋಡಿದ್ದಾರೆ: ಸ್ಟ್ರೋಕ್ ಆದ ಒಂದು ಗಂಟೆಗೇ ಕೊಟ್ಟರೆ ನಾಳ ಜಾಸ್ತಿ ಸೋರಿತು, 48 ಗಂಟೆ ಕಳೆದು ಕೊಟ್ಟಾಗ ಹೊಸ ನಾಳ ಬಂದು ಚೇತರಿಕೆಯೂ ಆಯಿತು. ಮನುಷ್ಯರಿಗೆ ಕೊಡೋ ಚಿಕಿತ್ಸೆ ಇನ್ನೂ ಆಗಿಲ್ಲ. ಅಂಥ ಚಿಕಿತ್ಸೆ ಇದೆ ಅಂತ ಯಾರಾದರೂ ಮಾರೋಕೆ ಬಂದರೆ ದಯವಿಟ್ಟು ನಂಬಬೇಡಿ.

ಮುದಿ ಇಲಿಗಳನ್ನು ದಿನಾ ಓಡಿಸಿದಾಗ ಅವುಗಳ ಮೆದುಳಲ್ಲೂ ಹೊಸ ನಾಳ ಹೆಚ್ಚಿದವು. ನನಗೆ ಧೈರ್ಯ ಕೊಡೋ ವಿಷಯ ಇದು. ಅದಕ್ಕೇ ಫಿಸಿಯೋಥೆರಪಿ ಬಿಡಬೇಡಿ ಅಂತೀನಿ. ಬಿಪಿ, ಶುಗರ್ ಹಿಡಿತದಲ್ಲಿರಲಿ, ಸಿಗರೇಟ್ ಇದ್ದರೆ ಇವತ್ತೇ ನಿಲ್ಲಿಸಿ, ಇವೆಲ್ಲ ನಾಳದ ಗೋಡೆಯನ್ನೇ ಕೆಡಿಸುತ್ತವೆ.

ಆ 40ರವರ ಜೊತೆ ಹೋಲಿಸಬೇಡಿ. ಪೆಟ್ಟು ಎಲ್ಲಿ ಬಿತ್ತು, ಎಷ್ಟು ದೊಡ್ಡದು ಅನ್ನೋದು ವಯಸ್ಸಿನಷ್ಟೇ ಮುಖ್ಯ. ಅಪ್ಪನಿಗೆ ಮೊದಲು ದೊಡ್ಡ ಗುಂಡಿಯ ಅಂಗಿ ಕೊಡಿ. ಹೊತ್ತಾದರೂ ಪರವಾಗಿಲ್ಲ, ಅವರೇ ಹಾಕಿಕೊಳ್ಳಲಿ, ನೀವು ಸುಮ್ನೆ ಪಕ್ಕದಲ್ಲಿ ಕೂತಿರಿ.