ಅರವತ್ನಾಲ್ಕನೇ ನಂಬರಿನ ಹುಡುಗನ ಅಮ್ಮ ಏನು ಕೊಳ್ಳಬೇಕು?

ಓದುಗರ ಪತ್ರ: ನಾವು ಓಹಾಯೋದಲ್ಲಿದ್ದೇವೆ. ಮಗ ಇಲ್ಲಿನ ಒಂದು ಸಣ್ಣ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ರಿಸೀವರ್, ಅಂದರೆ ಎಸೆದ ಚೆಂಡನ್ನು ಓಡಿ ಹಿಡಿಯುವವನು. ಡಿವಿಷನ್ 3 ತಂಡ, ಅಂದರೆ ಕಾಲೇಜು ಕ್ರೀಡೆಯ ಮೂರನೇ ಹಂತ. ದೊಡ್ಡ ಟೀವಿಯವರು ಈ ಕಡೆ ತಲೆ ಹಾಕುವುದಿಲ್ಲ. ನನಗೆ ವಿಡಿಯೊ ಎಡಿಟಿಂಗ್ ಗೊತ್ತು. ಪ್ರತಿ ಪಂದ್ಯದ್ದೂ ಹತ್ತು ನಿಮಿಷದ ಹೈಲೈಟ್ಸ್ ಮಾಡಿ, ಡೌನ್‌ಲೋಡ್‌ಗೆ ಎರಡು ಡಾಲರ್ ಅಂತ ಮಾರಿದರೆ ಹೇಗೆ? ಒಂದು ಮಾದರಿ ಕಳಿಸಿದ್ದೇನೆ. ನೋಡಿ ಹೇಳಿ.

ಸಂಪಾದಕರ ಉತ್ತರ: ನೋಡಿದೆ. ಎಲ್ಲಿ ಕತ್ತರಿ ಹಾಕಬೇಕು ಅನ್ನೋದು ನಿಮಗೆ ಚೆನ್ನಾಗಿ ಗೊತ್ತಿದೆ. ಆದರೆ ಪಂದ್ಯಕ್ಕೆ ಎರಡು ಡಾಲರ್ ಅನ್ನೋ ಲೆಕ್ಕ ಗಿಟ್ಟುವುದಿಲ್ಲ. ಅದೇ ಫುಟೇಜ್ ಇಟ್ಟುಕೊಂಡು ಬೇರೊಂದನ್ನು ಮಾರಬಹುದು ಅಂತ ನನಗನ್ನಿಸುತ್ತದೆ.

ಈ ಎರಡು ಡಾಲರ್ ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. 2005ರ ಅಕ್ಟೋಬರ್‌ನಲ್ಲಿ ಆಪಲ್ ಕಂಪನಿ ಐಟ್ಯೂನ್ಸ್‌ನಲ್ಲಿ ಟೀವಿ ಧಾರಾವಾಹಿಗಳನ್ನು ಕಂತಿಗೆ 1.99 ಡಾಲರಿನಂತೆ ಮಾರಲು ಶುರು ಮಾಡಿತು. ಆಗಿನಿಂದ ವಿಡಿಯೊ ಅಂದರೆ ಎರಡು ಡಾಲರ್ ಅಂತ ಎಷ್ಟೋ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಆಪಲ್‌ಗೆ ಗಿರಾಕಿಗಳು ಲಕ್ಷಗಟ್ಟಲೆ. ನಿಮಗೆ? ತಂಡದಲ್ಲಿ ನೂರು ಹುಡುಗರು ಅಂತಿಟ್ಟುಕೊಳ್ಳಿ. ಅರ್ಧದಷ್ಟು ಮನೆಯವರು ಹತ್ತಕ್ಕೆ ಹತ್ತೂ ಪಂದ್ಯ ಕೊಂಡರು ಅಂತಲೇ ಅನ್ನೋಣ. ವರ್ಷಕ್ಕೆ ಸಾವಿರ ಡಾಲರ್. ಅದರಲ್ಲೂ ಕಾರ್ಡ್ ಕಂಪನಿಗಳ ಪಾಲು ಹೋಗಬೇಕು. ಆನ್‌ಲೈನ್ ಪಾವತಿ ನಡೆಸುವ ಸ್ಟ್ರೈಪ್ ತರಹದವರ ಮಾಮೂಲಿ ದರ ನೂರಕ್ಕೆ 2.9, ಅದರ ಮೇಲೆ ಪ್ರತಿ ಸಲ 30 ಸೆಂಟ್. ಎರಡು ಡಾಲರಿನ ಮಾರಾಟದಲ್ಲಿ 36 ಸೆಂಟ್ ಅಲ್ಲೇ ಖೋತಾ. ಇಪ್ಪತ್ತು ಡಾಲರನ್ನು ಒಂದೇ ಸಲ ತೆಗೆದುಕೊಂಡರೆ ಹೋಗುವುದು ಒಟ್ಟು 88 ಸೆಂಟ್. ಹಾಗಾಗಿ ಬಿಡಿ ಮಾರಾಟ ಬೇಡ. ಇಡೀ ಸೀಸನ್‌ಗೆ ಒಂದೇ ಬೆಲೆ ಇಡಿ.

ಇನ್ನು ಮಾಲು ಯಾವುದು ಅನ್ನೋ ಪ್ರಶ್ನೆ. ನಿಮ್ಮ ಮಾದರಿಯಲ್ಲಿ ಚೆಂಡು ಎದುರಾಳಿಯ ಗೆರೆ ದಾಟಿ ಅಂಕ ಬರುವ ಮೊದಲ ಟಚ್‌ಡೌನನ್ನು ಇನ್ನೊಮ್ಮೆ ಹಾಕಿ ನೋಡಿ. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ನಾಲ್ಕು ಹೆಜ್ಜೆ ಹಿಂದೆ ಹೋಗುತ್ತಾನೆ, ಎಸೆಯುತ್ತಾನೆ. ನಿಮ್ಮ ಮಗ ಗೆರೆಯ ಅಂಚಿನಲ್ಲಿ ಕಾಲಿನ ಬೆರಳೂರಿ ಹಿಡಿಯುತ್ತಾನೆ. ಸೊಗಸಾಗಿದೆ. ಅಷ್ಟು ಹೊತ್ತು ಕ್ವಾರ್ಟರ್‌ಬ್ಯಾಕ್‌ನ ಮೈಮೇಲೆ ಯಾರೂ ಬೀಳದ ಹಾಗೆ ತಡೆದು ನಿಂತವನು ಯಾರು? 64ನೇ ನಂಬರಿನ ಗಾರ್ಡ್. ಎದುರಾಳಿಯ ಒಬ್ಬ ದಢೂತಿ ಆಟಗಾರನನ್ನು ಎದೆಗೆ ಎದೆ ಕೊಟ್ಟು ಹಿಡಿದಿದ್ದಾನೆ, ಗಾರ್ಡ್‌ನ ಹಿಂಗಾಲು ಹುಲ್ಲಿನಲ್ಲಿ ಜಾರುತ್ತಿದೆ. ಅಷ್ಟರಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡಿತು. ಮುಂದೆ ಅವನ ಗತಿ ಏನಾಯ್ತೋ ಯಾರಿಗೂ ಗೊತ್ತಿಲ್ಲ. ಹತ್ತು ನಿಮಿಷದಲ್ಲಿ ಅವನ ಮುಖ ಒಂದು ಸಲವೂ ಕಾಣಿಸುವುದಿಲ್ಲ. ಅವನ ಅಮ್ಮ ನಿಮ್ಮ ವಿಡಿಯೊ ಯಾಕೆ ಕೊಳ್ಳಬೇಕು, ಹೇಳಿ?

ನಿಮ್ಮ ಮಗ ರಿಸೀವರ್. ಅದಕ್ಕೇ ಇದು ನಿಮಗೆ ಹೊಳೆದಿಲ್ಲ. ನೂರು ಹುಡುಗರಲ್ಲಿ ಚೆಂಡು ಮುಟ್ಟುವವರು ಎಷ್ಟು ಜನ? ಇನ್ನು ಕೆಲವರು ಆಡುವುದೇ ಕೊನೆಯ ಐದು ನಿಮಿಷ, ತಂಡ ಆಗಲೇ ಗೆದ್ದಾಗಿದ್ದರೆ ಮಾತ್ರ. ಹೈಲೈಟ್ಸ್ ಮಾಡುವವರು ಮೊದಲು ಕತ್ತರಿಸಿ ಬಿಸಾಡುವುದು ಆ ಐದು ನಿಮಿಷವನ್ನೇ! ಡಿವಿಷನ್ 3ರಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವುದಿಲ್ಲ. ಆಡುವ ಆಸೆಗೆ ಆಡುತ್ತಾರೆ, ಫೀಸು ಮನೆಯವರು ಕಟ್ಟುತ್ತಾರೆ. ಈ ಮನೆಯವರೇ ನಿಮ್ಮ ಗಿರಾಕಿಗಳು. ಅವರಿಗೆ ಬೇಕಾಗಿರುವುದು ಪಂದ್ಯವಲ್ಲ, ಮಗ.

ಆ ಫುಟೇಜ್ ಇದೆ, ಎಲ್ಲೋ ಹುಡುಕಬೇಕಾಗಿಲ್ಲ. ಕೋಚ್‌ಗಳು ಪ್ರತಿ ಪಂದ್ಯವನ್ನೂ ಎತ್ತರದಿಂದ ಎರಡು ಕಡೆ ಶೂಟ್ ಮಾಡಿಸುತ್ತಾರೆ, ಒಂದು ಮೈದಾನದ ಪಕ್ಕದಿಂದ, ಇನ್ನೊಂದು ಗೋಲ್‌ಪೋಸ್ಟ್ ಹಿಂದಿನಿಂದ. ಹಿಂದಿನ ಕ್ಯಾಮೆರಾದಲ್ಲಿ, ಗಾರ್ಡ್‌ನ ಹಾಗೆ ಮುಂದೆ ನಿಂತು ತಡೆಯುವ ಲೈನ್‌ನ ಹುಡುಗರ ಕೈ, ಕಾಲು, ಪಟ್ಟು ಎಲ್ಲ ಕಾಣಿಸುತ್ತದೆ. ಹಡಲ್ ಅನ್ನುವ ಸೇವೆಗೆ ಇದನ್ನೆಲ್ಲ ಹಾಕಿ, ತಂಡದವರು ಕೂತು ನೋಡುತ್ತಾರೆ. ಹುಡುಗರೂ ಅಲ್ಲೇ ತಮ್ಮ ತಮ್ಮ ತುಣುಕು ಮಾಡಿಕೊಳ್ಳುತ್ತಾರೆ. ಆದರೆ ಅದು ಕೋಚ್‌ಗಳ ಕಣ್ಣಿಗೆ ತೆಗೆದ ಮೂಕಿ ಚಿತ್ರ. ಚಪ್ಪಾಳೆಯಿಲ್ಲ, ಕೂಗಿಲ್ಲ. ಅದಕ್ಕೆ ಕಾಲೇಜಿನ ಕಾಮೆಂಟರಿ ಹುಡುಗರ ದನಿ ಸೇರಿಸಿ, ಮೈದಾನದ ಗದ್ದಲ ಸೇರಿಸಿ, 64ನೇ ನಂಬರಿನ ಹುಡುಗನಿಗೆ ಅವನದೇ ಎಂಟು ನಿಮಿಷದ ಸೀಸನ್ ಮಾಡಿಕೊಡಿ. ಅದಕ್ಕೆ ಇಪ್ಪತ್ತೈದು ಡಾಲರ್ ಹೇಳಿದರೂ ಚೌಕಾಸಿ ಮಾಡುವ ಅಜ್ಜಿ ಸಿಗಲಿಕ್ಕಿಲ್ಲ.

ಇಡೀ ಪಂದ್ಯವನ್ನೇ ಮಾರಬಹುದಾದ ದಿನವೂ ಒಂದಿರುತ್ತದೆ. ಹಳೇ ಹಗೆಯ ಪಂದ್ಯ. ನಿಮ್ಮ ಪಕ್ಕದ ಇಂಡಿಯಾನಾದಲ್ಲಿ ವಾಬಾಶ್, ಡಿಪಾವ್ ಅನ್ನುವ ಎರಡು ಸಣ್ಣ ಕಾಲೇಜುಗಳಿವೆ. 1890ರಿಂದ ಪರಸ್ಪರ ಆಡುತ್ತಿವೆ. ಗೆದ್ದವರಿಗೆ ಸಿಗುವುದು ಮೋನನ್ ರೈಲು ಕಂಪನಿಯ ಇಂಜಿನ್ನಿನ ಸುಮಾರು 300 ಪೌಂಡ್ ತೂಕದ ಗಂಟೆ. ಆ ದಿನ ಹಳೇ ವಿದ್ಯಾರ್ಥಿಗಳು ಊರೂರಲ್ಲಿ ಗುಂಪು ಸೇರಿ ನೋಡುತ್ತಾರೆ. ನಿಮ್ಮ ಕಾಲೇಜಿಗೂ ಅಂಥ ಎದುರಾಳಿ ಇದ್ದರೆ ಆ ಒಂದು ಪಂದ್ಯಕ್ಕೆ ಬೇರೆ ಬೆಲೆ ಇಡಿ.

ಒಂದನ್ನು ಮಾತ್ರ ಮಾರಲೇಬೇಡಿ. ಆ ದಿನದ ಅತ್ಯುತ್ತಮ ಆಟವನ್ನು ಅದೇ ರಾತ್ರಿ ಪುಕ್ಕಟೆ ಬಿಟ್ಟುಬಿಡಿ. 2007ರ ಅಕ್ಟೋಬರ್ 27ರಂದು ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ ಮಿಲ್ಸಾಪ್ಸ್ ಕಾಲೇಜಿನ ಎದುರು ಟೆಕ್ಸಸ್‌ನ ಟ್ರಿನಿಟಿ ಎರಡು ಅಂಕ ಹಿಂದಿತ್ತು. ಉಳಿದಿದ್ದದ್ದು ಎರಡೇ ಸೆಕೆಂಡ್. ಹುಡುಗರು ಚೆಂಡನ್ನು ಒಬ್ಬರಿಂದೊಬ್ಬರಿಗೆ ಹಿಂದಕ್ಕೆ, ಪಕ್ಕಕ್ಕೆ ಎಸೆಯುತ್ತಾ ಹದಿನೈದು ಸಲ ಕೈ ಬದಲಾಯಿಸಿದರು. ಒಂದು ನಿಮಿಷಕ್ಕೂ ಜಾಸ್ತಿ ಓಡಾಡಿ ಕೊನೆಗೆ ಟಚ್‌ಡೌನ್! 28-24. ಇದೂ ಡಿವಿಷನ್ 3 ಪಂದ್ಯವೇ. ಆ ವಿಡಿಯೊ ಇಂಟರ್‌ನೆಟ್‌ನಲ್ಲಿ ಹರಡಿ, ಟ್ರಿನಿಟಿಯ ಹೆಸರೇ ಕೇಳದವರೂ ನೋಡಿದರು. ಎರಡು ಡಾಲರಿನ ಬೀಗ ಹಾಕಿದ್ದರೆ ನೋಡುತ್ತಿದ್ದರಾ?

ಹಕ್ಕಿನ ವಿಷಯಕ್ಕೆ ಬರೋಣ. ನೀವು ಪತ್ರದಲ್ಲಿ ಇದನ್ನು ಎತ್ತೇ ಇಲ್ಲ. ಕಾಲೇಜು ಫುಟ್‌ಬಾಲಿನ ಟೀವಿ ಹಕ್ಕು ಮೊದಲು ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ಮುಷ್ಟಿಯಲ್ಲಿತ್ತು. ಒಕ್ಲಹೋಮ, ಜಾರ್ಜಿಯಾ ವಿಶ್ವವಿದ್ಯಾಲಯಗಳ ಕಡೆಯವರು ಕೇಸು ಹಾಕಿದರು. 1984ರಲ್ಲಿ ಸುಪ್ರೀಂ ಕೋರ್ಟು ಆ ಹಿಡಿತ ಬಿಡಿಸಿತು. ಈಗ ಕೇಳಬೇಕಾದ್ದು ಕಾಲೇಜನ್ನು, ಅದರ ಕಾನ್ಫರೆನ್ಸನ್ನು, ಅಂದರೆ ಅದು ಸೇರಿರುವ ಕಾಲೇಜುಗಳ ಒಕ್ಕೂಟವನ್ನು. ಟಿಕೆಟ್ ಕೊಂಡು ಒಳಗೆ ಹೋದ ಮಾತ್ರಕ್ಕೆ ಶೂಟ್ ಮಾಡಿ ಮಾರುವ ಹಕ್ಕು ಬರುವುದಿಲ್ಲ. ಹೊರಗಿನ ಪಂದ್ಯಗಳಿಗೆ ಆ ಊರಿನ ಕಾಲೇಜಿನ ಒಪ್ಪಿಗೆ ಬೇಕು. ತಂಡ ರಾಷ್ಟ್ರೀಯ ಪ್ಲೇಆಫ್‌ಗೆ ಹೋದರೆ ಅದು ಎನ್‌ಸಿಎಎ ನಡೆಸುವ ಟೂರ್ನಿ, ಅವರನ್ನೇ ಕೇಳಬೇಕು. ಹುಡುಗರ ಒಪ್ಪಿಗೆಯನ್ನೂ ಬರೆಸಿಕೊಳ್ಳಿ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖದಿಂದ ದುಡ್ಡು ಮಾಡಬಹುದು. ಅವರ ಮುಖ ಮಾರುವಾಗ ಅವರಿಗೊಂದು ಪಾಲು ಇಡುವುದು ಮರ್ಯಾದೆ ಅಲ್ವಾ? ತಂಡದಲ್ಲಿ ಎಫ್-1 ವೀಸಾದ ಹುಡುಗರಿದ್ದರೆ ಮಾತ್ರ ದುಡ್ಡು ಕೊಡುವ ಮೊದಲು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸಿ. ಅವರ ಸಂಪಾದನೆಗೆ ಬೇರೆಯೇ ಕಟ್ಟುಪಾಡಿದೆ.

ಹಿನ್ನೆಲೆಗೆ ನೀವು ಹಾಕಿರುವ ಕನ್ನಡ ಸಿನಿಮಾ ಹಾಡು ನನಗೂ ಇಷ್ಟ. ಟಚ್‌ಡೌನ್‌ಗೆ ಸರಿಯಾಗಿ ಪಲ್ಲವಿ ಬಂದಾಗ ನಗು ತಡೆಯಲಾಗಲಿಲ್ಲ. ಆದರೂ ತೆಗೆದುಬಿಡಿ. ಸ್ಟೇಡಿಯಂನಲ್ಲಿ ಹಾಡು ಹಾಕಲು ಕಾಲೇಜು ಪಡೆದಿರುವ ಲೈಸೆನ್ಸು ವಿಡಿಯೊಗೆ ನಡೆಯುವುದಿಲ್ಲ. ಚಿತ್ರಕ್ಕೆ ಹಾಡು ಜೋಡಿಸಲು ಬೇರೆ ಅನುಮತಿ ಬೇಕು. ಬೆಂಗಳೂರಿನ ಆಡಿಯೊ ಕಂಪನಿ ಓಹಾಯೋವರೆಗೆ ಬರಲ್ಲ ಅಂತ ನೀವಂದುಕೊಳ್ಳಬಹುದು. ಅವರು ಬರಬೇಕಾಗಿಯೇ ಇಲ್ಲ. ಯೂಟ್ಯೂಬ್‌ನ ಯಂತ್ರವೇ ಹಾಡನ್ನು ಗುರುತು ಹಿಡಿಯುತ್ತದೆ.

ಒಪ್ಪಿಗೆ ಕೇಳಲು ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥರನ್ನು, ಅಂದರೆ ಅಥ್ಲೆಟಿಕ್ ಡೈರೆಕ್ಟರನ್ನು, ಆಗಸ್ಟ್‌ನಲ್ಲಿ ಹಿಡಿಯಬೇಡಿ, ಆಗ ಸೀಸನ್ ಶುರುವಾಗುವ ಗಡಿಬಿಡಿ. ಬಹುತೇಕ ಕಾಲೇಜುಗಳ ಲೆಕ್ಕದ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ಅದಕ್ಕೂ ಸಾಕಷ್ಟು ಮೊದಲೇ, ಫೆಬ್ರವರಿಯಲ್ಲಿ ಹೋಗಿ, ಬಂದದ್ದರಲ್ಲಿ ಕಾಲೇಜಿಗಿಷ್ಟು ಅಂತ ಮೊದಲೇ ಹೇಳಿ. ಜೇಬಿನಲ್ಲಿ ಒಂದು ಮಾದರಿ ಇರಲಿ, ನಿಮ್ಮ ಮಗನದ್ದಲ್ಲ, ಯಾವುದಾದರೂ ಗಾರ್ಡ್‌ನದ್ದು.

— ಸಂ.