ಅಣ್ಣತಮ್ಮ ಸಿಂಹಗಳು ಕಾದಾಡಿದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೃಗಾಲಯದ ಒಂದೇ ಆವರಣದಲ್ಲಿರುವ ಗಂಡು ಸಿಂಹಗಳ ಕಾದಾಟದ ಬಗ್ಗೆಯೇ ಇದ್ದವು. ಮೃಗಾಲಯದ ಪ್ರಾಣಿಪಾಲಕರು, ಪಶುವೈದ್ಯ ವಿದ್ಯಾರ್ಥಿಗಳು, ಬೇಲಿಯಾಚೆ ನಿಂತು ನೋಡಿ ಗಾಬರಿಯಾದವರು, ಎಲ್ಲರೂ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಒಂದೇ ಸೂಲಿನ ಎರಡು ಗಂಡುಗಳು. ಮೂರು ವರ್ಷ ತುಂಬುವವರೆಗೆ ಒಂದರ ಬೆನ್ನಿಗೆ ಇನ್ನೊಂದು ತಲೆಯಿಟ್ಟು ಮಲಗುತ್ತಿದ್ದವು. ಈಗ ಮೂರೂವರೆ ವರ್ಷ, ಎರಡು ತಿಂಗಳಿಂದ ಕಾದಾಡುತ್ತಿವೆ. ಒಡಹುಟ್ಟಿದವುಗಳು ಹೀಗೇಕೆ ಮಾಡುತ್ತವೆ?

ಉತ್ತರ: ಅದು ಜಗಳ ಶುರುವಾಗುವ ವಯಸ್ಸೇ. ಕಾಡಿನಲ್ಲಿ ಗಂಡು ಮರಿಗಳು ಎರಡು-ಮೂರು ವರ್ಷಕ್ಕೆ ಹುಟ್ಟಿದ ಗುಂಪನ್ನು ಬಿಟ್ಟು ಹೊರಡುತ್ತವೆ. ಅಣ್ಣತಮ್ಮಂದಿರು, ಜೊತೆಯಲ್ಲಿ ಬೆಳೆದ ದಾಯಾದಿಗಳು ಕೂಟ ಕಟ್ಟಿಕೊಂಡು ಅಲೆಯುತ್ತವೆ, ಕೂಡಿಯೇ ಬೇರೆ ಗಂಡುಗಳನ್ನು ಎದುರಿಸುತ್ತವೆ. ನಾಲ್ಕಕ್ಕಿಂತ ದೊಡ್ಡ ಕೂಟಗಳಲ್ಲಿ ಸಾಮಾನ್ಯವಾಗಿ ರಕ್ತಸಂಬಂಧಿಗಳೇ ಇರುತ್ತವೆ, ಎರಡು-ಮೂರರ ಕೂಟಕ್ಕೆ ಹೊರಗಿನವೂ ಸೇರುವುದುಂಟು. ಹಾಗಾಗಿ ಗಂಡುಗಳು ಕೂಡಿ ಬಾಳುವುದು ಸಿಂಹಕುಲಕ್ಕೆ ಹೊಸತಲ್ಲ.

ಆದರೆ ಆ ಕೂಟ ಉಳಿಯಲು ದೂರ ಬೇಕು. ಗಿರ್ ಅರಣ್ಯದ ಸಿಂಹಗಳ ಅಧ್ಯಯನವೊಂದರಲ್ಲಿ ಜೋಡಿಯ ಬಲಿಷ್ಠ ಗಂಡಿಗೆ ಮಿಲನದ ಅವಕಾಶಗಳಲ್ಲಿ 70 ಪ್ರತಿಶತಕ್ಕಿಂತ ಹೆಚ್ಚು ಪಾಲು ಸಿಕ್ಕಿತ್ತು, ಬೇಟೆಯ ಮಾಂಸದಲ್ಲೂ ದೊಡ್ಡ ಪಾಲು ಅದರದೇ. ಆದರೂ ಇನ್ನೊಂದು ಬಿಟ್ಟು ಹೋಗಲಿಲ್ಲ, ಏಕೆಂದರೆ ಒಂಟಿ ಗಂಡಿನ ಬದುಕು ಅದಕ್ಕಿಂತ ಕಷ್ಟ. ಬಲಿಷ್ಠ ಗಂಡು ಗುರುಗುಟ್ಟಿದರೆ ಇನ್ನೊಂದು ಎದ್ದು ಪೊದೆಯಾಚೆ ಹೋಗುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ಆವರಣದಲ್ಲಿ ಅದು ಹತ್ತು ಹೆಜ್ಜೆ ಇಟ್ಟರೆ ಗೋಡೆ. ಸೋತದ್ದು ಕಣ್ಮುಂದೆಯೇ ಇರುವುದರಿಂದ ಗೆದ್ದದ್ದಕ್ಕೆ ತಾನು ಗೆದ್ದೆ ಎಂಬುದು ತಿಳಿಯುವುದೇ ಇಲ್ಲ.

ಪ್ರಾಣಿಯ ಸ್ವಭಾವವನ್ನು ದೂರುವ ಮೊದಲು ಆವರಣವನ್ನು ಒಮ್ಮೆ ಸುತ್ತಿ ಬನ್ನಿ. ನೋಟ ತಪ್ಪಿಸಿಕೊಳ್ಳುವ ಮರೆ ಇದೆಯೇ? ಮರೆ ಎಂದರೆ ಮೂಲೆಯಲ್ಲ. ಮೂಲೆಗೆ ಹೊಕ್ಕ ಸಿಂಹ ಸಿಕ್ಕಿಬಿದ್ದಂತೆಯೇ. ಎರಡೂ ಬದಿಗೆ ಹಾದಿ ತೆರೆದಿರುವ ಬಂಡೆಸಾಲೋ ಮರದ ದಿಮ್ಮಿಗಳ ಗೋಡೆಯೋ ಬೇಕು. ಮಲಗುವ ಜಗಲಿಗಳು ಸಿಂಹಗಳ ಸಂಖ್ಯೆಗಿಂತ ಒಂದಾದರೂ ಹೆಚ್ಚಿರಬೇಕು, ಪ್ರತಿಯೊಂದಕ್ಕೂ ಇಳಿಯಲು ಎರಡು ದಾರಿ ಇರಬೇಕು. ನೀರಿನ ತೊಟ್ಟಿ ಎರಡು, ಒಂದರಿಂದ ಇನ್ನೊಂದು ಕಾಣದಂತೆ. ರಾತ್ರಿ ಕೊಠಡಿಗೆ ಹೋಗುವ ಓಣಿಗೆ ಒಂದೇ ಬಾಗಿಲಿದ್ದರೆ ಕಾದಾಟ ಬಹುತೇಕ ಅಲ್ಲೇ ಆಗುತ್ತದೆ. ಎರಡೂ ಒಮ್ಮೆಲೇ ನುಗ್ಗುತ್ತವೆ, ಯಾರೂ ಹಿಂದೆ ಸರಿಯಲಾರದು.

ಆಮೇಲೆ ಕೇಳಿಕೊಳ್ಳಬೇಕಾದದ್ದು ಸಿಂಹಿಣಿಯ ಬಗ್ಗೆ. ಪಕ್ಕದ ಆವರಣದಲ್ಲಿ ಹೆಣ್ಣಿದೆಯೇ? ಅದು ಬೆದೆಗೆ ಬಂದ ದಿನಗಳನ್ನೂ ಕಾದಾಟದ ದಿನಗಳನ್ನೂ ಒಂದೇ ಪಟ್ಟಿಯಲ್ಲಿ ಬರೆದು ನೋಡಿ. ಬೆದೆ ನಾಲ್ಕೈದು ದಿನ ಇರುತ್ತದೆ, ಗರ್ಭ ನಿಲ್ಲದಿದ್ದರೆ ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ. ಕಣ್ಣಿಗೆ ಕಾಣದಿದ್ದರೂ ವಾಸನೆ ಗಾಳಿಯಲ್ಲಿ ಬರುತ್ತದೆ, ಪಾಲಕರ ಬೂಟು, ಬುಟ್ಟಿ, ಪೊರಕೆಗೂ ಅಂಟಿಕೊಂಡು ಬರುತ್ತದೆ. ಗಂಡುಗಳ ಕೂಟವನ್ನು ಉಳಿಸಿಕೊಳ್ಳಬೇಕೆಂದರೆ ಹೆಣ್ಣು ಗಾಳಿ ಬೀಸಿ ಬರುವ ಕಡೆ ಇರಬಾರದು, ಗುಡಿಸುವ ಸಾಮಾನೂ ಬೇರೆ ಇರಬೇಕು. ಒಂದೇ ಹೆಣ್ಣಿನೊಡನೆ ಎರಡು ಗಂಡುಗಳನ್ನು ಚಿಕ್ಕ ಆವರಣದಲ್ಲಿ ಇಡುವುದನ್ನು ನಾವು ಯಾರಿಗೂ ಸೂಚಿಸುವುದಿಲ್ಲ.

ಪ್ರಶ್ನೆ: ದಿನವೂ ಗುರುಗುಟ್ಟುತ್ತವೆ, ಪಂಜ ಬೀಸುತ್ತವೆ. ಮಾಮೂಲಿ ಜಗಳ ಯಾವುದು, ಅಪಾಯ ಯಾವುದು?

ಉತ್ತರ: ಸದ್ದನ್ನು ನಂಬಬೇಡಿ. ಎರಡೂ ಹಿಂಗಾಲ ಮೇಲೆ ನಿಂತು, ಬಾಯಿ ತೆರೆದು, ಆವರಣ ನಡುಗುವಂತೆ ಅಬ್ಬರಿಸಿ ಐದೇ ಸೆಕೆಂಡಿನಲ್ಲಿ ಬೇರಾದರೆ ಅಷ್ಟು ಚಿಂತಿಸಬೇಕಿಲ್ಲ. ಒಂದು ತಿರುಗಿ ನಡೆದಾಗ ಇನ್ನೊಂದು ಏನು ಮಾಡುತ್ತದೆ ಎಂಬುದನ್ನು ನೋಡಿ. ನಿಂತಲ್ಲೇ ನಿಂತರೆ ಜಗಳ ಮುಗಿಯಿತು. ಸದ್ದಿಲ್ಲದೆ, ತಲೆ ತಗ್ಗಿಸಿ, ಹಿಂದೆಯೇ ಹೋದರೆ ಅದು ಅಪಾಯ. ಹೊಂಚು ಹಾಕುವುದು, ಮಲಗಿದ್ದಾಗ ಎರಗುವುದು, ಬೆನ್ನು, ಸೊಂಟ, ಹಿಂಗಾಲುಗಳಿಗೆ ಕಚ್ಚುವುದು, ಅಂಗಾತ ಬಿದ್ದ ಮೇಲೂ ಬಿಡದಿರುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಬೇರೆ ಮಾಡಿ.

ಮೌನವಾಗಿ ನಡೆಯುವ ದಬ್ಬಾಳಿಕೆಯನ್ನು ಬಹಳ ಪಾಲಕರು ಗಮನಿಸುವುದಿಲ್ಲ. ಸೋತ ಸಿಂಹ ನೀರಿಗೆ ಹಗಲಲ್ಲಿ ಬರುವುದಿಲ್ಲ, ಬೆಳಗ್ಗೆ ಹೊರಬಿಟ್ಟಾಗ ಬಾಗಿಲ ಬಳಿಯೇ ಉಳಿಯುತ್ತದೆ, ಸಂಜೆ ಎಲ್ಲಕ್ಕಿಂತ ಮೊದಲು ಒಳಗೆ ಓಡುತ್ತದೆ, ತೂಕ ಇಳಿಯುತ್ತದೆ. ಸಿಂಹ ದಿನದಲ್ಲಿ 16ರಿಂದ 20 ಗಂಟೆ ಮಲಗುವ ಪ್ರಾಣಿ. ಒಂದು ಗಂಡು ಸದಾ ಕಣ್ಣು ತೆರೆದು ಕೂತಿದ್ದರೆ ಅದಕ್ಕೆ ಭಯವಿದೆ ಎಂದೇ ತಿಳಿಯಿರಿ. ತಲೆಗೆ ತಲೆ ತಿಕ್ಕುವುದು, ನೆಕ್ಕುವುದು, ಮೈಗೆ ಮೈ ತಾಗಿಸಿ ಮಲಗುವುದು ಒಳ್ಳೆಯ ಗುರುತುಗಳು. ಇವು ಕಡಿಮೆಯಾಗುತ್ತ ಬಂದರೆ ಗಾಯವಾಗುವ ಮೊದಲೇ ಎಚ್ಚರಿಕೆ ಸಿಕ್ಕಂತೆ.

ಪ್ರಶ್ನೆ: ಒಂಟಿಯಾಗಿರುವ ಎರಡು ಬೇರೆಬೇರೆ ಮೂಲದ ಗಂಡುಗಳನ್ನು ಜೊತೆ ಮಾಡಬಹುದೇ? ಹೇಗೆ?

ಉತ್ತರ: ಆಗುತ್ತದೆ, ಆದರೆ ಅವಸರ ಮಾಡಿದವರ ಕೈಯಲ್ಲಿ ಕೆಡುತ್ತದೆ. ಎರಡೂ ಎಳೆಯವಾಗಿದ್ದಷ್ಟು ಸುಲಭ. ಎರಡೂ ಆರೇಳು ವರ್ಷ ದಾಟಿ ಒಂಟಿಯಾಗಿಯೇ ಆಳಿದವಾದರೆ ತುಂಬ ಕಷ್ಟ.

ಹೊಸದಾಗಿ ಬಂದದ್ದಕ್ಕೆ ಮೊದಲು ಪ್ರತ್ಯೇಕವಾಸ ಮತ್ತು ಆರೋಗ್ಯ ತಪಾಸಣೆ ಮುಗಿಯಬೇಕು. ಅನಂತರ ವಾಸನೆಯ ಪರಿಚಯ: ಒಂದರ ಹುಲ್ಲುಹಾಸು, ಅದು ಮೂತ್ರ ಸಿಂಪಡಿಸಿದ ದಿಮ್ಮಿ ಇನ್ನೊಂದರ ಕೊಠಡಿಗೆ ಹೋಗಲಿ. ದಿನ ಬಿಟ್ಟು ದಿನ ಆವರಣಗಳನ್ನೇ ಅದಲುಬದಲು ಮಾಡಿ, ಯಾವುದೂ ಒಂದರ ಸ್ವತ್ತಾಗದಿರಲಿ. ಒಂದೆರಡು ವಾರದ ಮೇಲೆ ದೂರದ ನೋಟ. ಆಮೇಲೆ ಜಾಲರಿಯ ಪರಿಚಯ. ಜಾಲರಿಯ ಕಣ್ಣು ಪಂಜ ತೂರದಷ್ಟು ಸಣ್ಣದಿರಲೇಬೇಕು, ಇಲ್ಲದಿದ್ದರೆ ಪರಿಚಯದ ಮೊದಲ ದಿನವೇ ಉಗುರು, ಬೆರಳು ಹೋಗುತ್ತವೆ. ಮಾಂಸದ ತುಂಡುಗಳನ್ನು ಎರಡೂ ಕಡೆ ಜಾಲರಿಯಿಂದ ಮೂರು ಮೀಟರ್ ದೂರದಲ್ಲಿ ಕೊಟ್ಟು, ಎರಡೂ ನಿರಾಳವಾಗಿ ತಿಂದರೆ ಮಾತ್ರ ಮರುದಿನ ಸ್ವಲ್ಪ ಹತ್ತಿರ ತನ್ನಿ. ಜಾಲರಿಗೆ ಬೆನ್ನು ಹಾಕಿ ಮಲಗುವುದು, ಕೆನ್ನೆ ತಿಕ್ಕುವುದು, ಮೂಗಿನಲ್ಲಿ ಮೆಲ್ಲಗೆ ನರಳಿದಂತೆ ಸದ್ದು ಮಾಡುವುದು ಕಂಡರೆ ಮುಂದಿನ ಹೆಜ್ಜೆ. ಜಾಲರಿಗೆ ನುಗ್ಗುವುದು ನಿಲ್ಲದಿದ್ದರೆ ಕ್ಯಾಲೆಂಡರ್ ನೋಡಬೇಡಿ, ಹಿಂದಿನ ಹೆಜ್ಜೆಗೆ ಹೋಗಿ.

ಬಾಗಿಲು ತೆರೆಯುವ ದಿನ ಎರಡಕ್ಕೂ ಹೊಟ್ಟೆ ತುಂಬಿರಲಿ. ಚಿಕ್ಕ ಕೊಠಡಿಯಲ್ಲಿ ಬಿಡಬೇಡಿ, ಎರಡಕ್ಕೂ ಪರಿಚಿತವಾದ ವಿಶಾಲ ಆವರಣವೇ ಬೇಕು. ವೀಕ್ಷಕರನ್ನು ಬಿಡಬೇಡಿ. ಕಂದಕದಲ್ಲಿ ನೀರಿದ್ದರೆ ಓಡಿಸಿಕೊಂಡು ಹೋದ ಸಿಂಹ ಅದರಲ್ಲಿ ಬೀಳುವ ಅಪಾಯವಿದೆ, ಅಂಚಿಗೆ ತಾತ್ಕಾಲಿಕ ತಡೆ ಹಾಕಿ. ನೀರು ತುಂಬಿದ ಅಗ್ನಿಶಾಮಕ ಕೊಳವೆ ಎರಡು ದಿಕ್ಕಿನಲ್ಲಿ, ಇಂಗಾಲದ ಡೈಆಕ್ಸೈಡ್‌ನ ಅಗ್ನಿಶಾಮಕ ಸಿಲಿಂಡರ್, ಗಾಳಿ ಹಾರ್ನ್ ಸಿದ್ಧವಿರಲಿ. ಪ್ರತಿ ಬಾಗಿಲಿಗೂ ಒಬ್ಬರು. ‘ಬೇರೆ ಮಾಡಿ’ ಎಂದು ಹೇಳುವ ಅಧಿಕಾರ ಒಬ್ಬರಿಗೇ ಇರಲಿ, ಅವರನ್ನು ಮೊದಲೇ ಗೊತ್ತುಮಾಡಿ. ಮೂವರು ಮೂರು ಆಜ್ಞೆ ಕೊಟ್ಟರೆ ಅರ್ಧ ಮುಚ್ಚಿದ ಬಾಗಿಲಲ್ಲೇ ಅನಾಹುತವಾಗುತ್ತದೆ.

ಮೊದಲ ಅಬ್ಬರಕ್ಕೇ ಬೇರೆ ಮಾಡುವುದು ದೊಡ್ಡ ತಪ್ಪು. ಹಾಗೆ ಮಾಡಿದರೆ ಯಾವುದು ಮೇಲು ಎಂಬುದು ತೀರ್ಮಾನವಾಗದೆ, ಪ್ರತಿ ಸಲವೂ ಮೊದಲಿನಿಂದ ಜಗಳ. ಮೊದಲ ಭೇಟಿ ಅರ್ಧ ಗಂಟೆ ಸಾಕು, ಶಾಂತವಾಗಿರುವಾಗಲೇ ಒಳಕ್ಕೆ ಕರೆಯಿರಿ. ಹಗಲು ಹೊತ್ತು ಕೆಲವು ವಾರ ಸರಾಗವಾಗಿ ಕಳೆದ ಮೇಲಷ್ಟೇ ರಾತ್ರಿ ಒಟ್ಟಿಗೆ ಬಿಡುವ ಮಾತು.

ಪ್ರಾಣಿಗಳ ನಡುವೆ ನಂಟು ಬೆಸೆಯುವ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಮೂಗಿಗೆ ಸಿಂಪಡಿಸುವ ಬಗ್ಗೆಯೂ ಒಬ್ಬರು ಕೇಳಿದ್ದಾರೆ. ದಕ್ಷಿಣ ಆಫ್ರಿಕಾದ ಡಿನೊಕೆಂಗ್ ಅಭಯಾರಣ್ಯದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಟದ ವಸ್ತು ಕೊಟ್ಟಾಗ ಸಿಂಹಗಳ ನಡುವಿನ ಅಂತರ ಸುಮಾರು 7 ಮೀಟರಿನಿಂದ 3.5 ಮೀಟರಿಗೆ ಇಳಿಯಿತು. ಆದರೆ ಮಾಂಸ ಕೊಟ್ಟಾಗ ಆ ಸಹನೆ ಕಾಣಲಿಲ್ಲ. ಪರಿಚಯ ಮಾಡಿಸುವಾಗ ಅದೊಂದು ಆಸರೆಯಾಗಬಹುದು. ಜಾಲರಿಯ ಮುಂದೆ ಕಳೆಯಬೇಕಾದ ವಾರಗಳನ್ನು ಅದು ಉಳಿಸುವುದಿಲ್ಲ.

ಪ್ರಶ್ನೆ: ಊಟದ ಹೊತ್ತಿನಲ್ಲಿ ಮಾತ್ರ ಕಾದಾಡುತ್ತವೆ.

ಉತ್ತರ: ಹಾಗಾದರೆ ನಿಮ್ಮ ಕೆಲಸ ಸುಲಭ. ಬೇರೆಬೇರೆ ಕೊಠಡಿಯಲ್ಲಿ, ಒಂದೇ ಹೊತ್ತಿಗೆ ಕೊಡಿ. ನಡುವಿನ ಗೋಡೆ ಗಟ್ಟಿಯದಾಗಿರಲಿ. ಜಾಲರಿಯಾದರೆ ಪಕ್ಕದವನ ಮಾಂಸ ಕಾಣುತ್ತ ಎರಡೂ ಅರ್ಧಂಬರ್ಧ ತಿಂದು ಜಾಲರಿಗೆ ಕಚ್ಚುತ್ತವೆ, ಕೋರೆಹಲ್ಲು ಮುರಿದುಕೊಳ್ಳುತ್ತವೆ. ಬೆಳೆದ ಗಂಡಿಗೆ ದಿನಕ್ಕೆ ಸರಾಸರಿ 5ರಿಂದ 7 ಕಿಲೊ ಮಾಂಸ, ವಾರಕ್ಕೊಂದು ಉಪವಾಸ ಸಾಮಾನ್ಯ ರೂಢಿ. ಸರಿಯಾದ ಅಳತೆಯನ್ನು ತೂಕ ನೋಡಿ ವೈದ್ಯರು ಹೇಳಬೇಕು. ಉಪವಾಸದ ದಿನ ಇಬ್ಬರಿಗೂ ಒಂದೇ ಆಗಿರಲಿ. ಬಾಗಿಲು ತೆರೆಯುವ ಮೊದಲು ಮೂಳೆಯ ಚೂರೂ ಉಳಿದಿರಬಾರದು, ರಕ್ತ ತೊಳೆದಿರಬೇಕು. ಇಡೀ ಕಳೇಬರವನ್ನು ಗುಂಪಿಗೆ ಹಾಕುವ ಪದ್ಧತಿ ಕೆಲವೆಡೆ ಇದೆ. ಒಮ್ಮೆ ಕಾದಾಡಿದ ಗಂಡುಗಳಿಗೆ ಅದು ಬೇಡವೇ ಬೇಡ.

ಪ್ರಶ್ನೆ: ಬೀಜ ತೆಗೆಸಿದರೆ ಸರಿಹೋಗುತ್ತದೆಯೇ? ವ್ಯಾಸೆಕ್ಟಮಿ ಸಾಕಲ್ಲವೇ?

ಉತ್ತರ: ವ್ಯಾಸೆಕ್ಟಮಿಯಿಂದ ಸಂತಾನ ನಿಲ್ಲುತ್ತದೆ, ಗಂಡು ಹಾರ್ಮೋನಾದ ಟೆಸ್ಟೊಸ್ಟೆರಾನ್ ಹಾಗೆಯೇ ಇರುತ್ತದೆ. ಜಗಳಕ್ಕೆ ಅದು ಮದ್ದಲ್ಲ. ಬೀಜ ತೆಗೆಸಿದರೆ ಹಾರ್ಮೋನು ಇಳಿಯುತ್ತದೆ, ಕೇಸರವೂ ಉದುರುತ್ತದೆ, ಮೈಯಲ್ಲಿ ಬೊಜ್ಜು ಬರುತ್ತದೆ. ಡೆಸ್ಲೊರೆಲಿನ್ ಎಂಬ ಔಷಧದ ಕಡ್ಡಿಯನ್ನು ಚರ್ಮದಡಿ ಇಡುವುದು ಹಿಂತಿರುಗಬಹುದಾದ ದಾರಿ. ಅದರಲ್ಲೂ ಕೇಸರ ಹೋಗುತ್ತದೆ. ಆ ಕಡ್ಡಿ ಮೊದಲ ಕೆಲವು ವಾರ ಹಾರ್ಮೋನನ್ನು ಏರಿಸಿ ಆಮೇಲೆ ಇಳಿಸುತ್ತದೆ. ಕಡ್ಡಿ ಇಟ್ಟ ಮರುವಾರ ಜಗಳ ಹೆಚ್ಚಿತು ಎಂದು ಬರೆದವರಿಗೆ ಕಾರಣ ಇದೇ ಇರಬಹುದು. ಆ ದಿನಗಳಲ್ಲಿ ಬೇರೆ ಇಡಬೇಕು. ಹೆಣ್ಣಿಗೆ ಇಡುವಾಗ ಇದೇ ಏರಿಕೆ ಬೆದೆ ತರುವುದರಿಂದ, ಕಡ್ಡಿಗೆ ಒಂದು ವಾರ ಮೊದಲಿನಿಂದ ಒಂದು ವಾರ ಆಮೇಲಿನವರೆಗೆ ಬೆದೆ ತಡೆಯುವ ಮೆಜೆಸ್ಟ್ರಾಲ್ ಅಸಿಟೇಟ್ ಮಾತ್ರೆ ಕೊಡುವ ಕ್ರಮವಿದೆ.

ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಮಾಡಿಸುವುದನ್ನು ನಾವು ಒಪ್ಪುವುದಿಲ್ಲ. ದಟ್ಟ, ಕಪ್ಪು ಕೇಸರ ಬಲದ ಗುರುತು ಎಂದು ಸಿಂಹಗಳೇ ಓದಿಕೊಳ್ಳುತ್ತವೆ. 2002ರಲ್ಲಿ ಪ್ರಕಟವಾದ ಸೆರೆಂಗೆಟಿಯ ಪ್ರಯೋಗದಲ್ಲಿ ಕೃತಕ ಸಿಂಹದ ಬೊಂಬೆಗಳನ್ನು ಇಟ್ಟಾಗ ಗಂಡುಗಳು ಗಿಡ್ಡ, ತಿಳಿಬಣ್ಣದ ಕೇಸರದ ಬೊಂಬೆಯ ಕಡೆಗೇ ಧೈರ್ಯದಿಂದ ಹೋಗಿದ್ದವು. ಕೇಸರ ಕಳೆದುಕೊಂಡ ಜೊತೆಗಾರನ ಸ್ಥಿತಿ ಏನೆಂದು ಇದರಿಂದಲೇ ಊಹಿಸಬಹುದು.

ಪ್ರಶ್ನೆ: ಕೇಸರ ಕುತ್ತಿಗೆಗೆ ಗುರಾಣಿ ಎಂದು ಓದಿದ್ದೇವೆ. ನಿಜವೇ?

ಉತ್ತರ: ಕಾಡುಸಿಂಹಗಳ ಗಾಯಗಳನ್ನು ಲೆಕ್ಕ ಹಾಕಿದ ಸಂಶೋಧಕರಿಗೆ ಅದಕ್ಕೆ ಬಲವಾದ ಆಧಾರ ಸಿಗಲಿಲ್ಲ. ದಾಳಿ ಹೆಚ್ಚಾಗಿ ಹಿಂದಿನಿಂದ, ಬೆನ್ನು ಸೊಂಟಕ್ಕೇ ಆಗುತ್ತದೆ.

ಪ್ರಶ್ನೆ: ಹಲ್ಲಿನ ಚಿಕಿತ್ಸೆಗೆಂದು ಅರಿವಳಿಕೆ ಕೊಟ್ಟಿದ್ದ ಸಿಂಹವನ್ನು ಸಂಜೆಯೇ ಬಿಟ್ಟೆವು. ಆರು ವರ್ಷದಿಂದ ಜೊತೆಗಿದ್ದ ಸಿಂಹವೇ ಅದರ ಮೇಲೆ ಎರಗಿತು. ಗುರುತು ಸಿಗಲಿಲ್ಲವೇ?

ಉತ್ತರ: ವಾಸನೆ ಬದಲಾಗಿತ್ತು, ನಡಿಗೆಯೂ ಬದಲಾಗಿತ್ತು. ತೂರಾಡುವ ಸಿಂಹ ಜೊತೆಗಾರನ ಕಣ್ಣಿಗೆ ದುರ್ಬಲ, ಮೂಗಿಗೆ ಅಪರಿಚಿತ. ಕಡಿಮೆಯೆಂದರೆ 24 ಗಂಟೆ ಪಕ್ಕದ ಕೊಠಡಿಯಲ್ಲಿಡಿ, ನೆಟ್ಟಗೆ ನಡೆದು ಒಂದು ಹೊತ್ತು ಪೂರ್ತಿ ತಿಂದ ಮೇಲೆ ಜಾಲರಿಯ ಮೂಲಕ ಮೂಸಲು ಬಿಡಿ, ಮೈ ತಿಕ್ಕಿದರೆ ಬಾಗಿಲು ತೆರೆಯಿರಿ. ಅದರ ಹಳೆಯ ಹಾಸನ್ನು ಅಷ್ಟು ದಿನ ತೊಳೆಯದೆ ಇಟ್ಟಿರಿ. ಸಾಧ್ಯವಿದ್ದರೆ ಇಬ್ಬರ ತಪಾಸಣೆಯನ್ನೂ ಒಂದೇ ದಿನ ಮಾಡಿಸಿ, ಆಗ ಇಬ್ಬರ ಮೈಯಲ್ಲೂ ಆಸ್ಪತ್ರೆಯದೇ ವಾಸನೆ.

ವರ್ಷಗಟ್ಟಲೆ ಕೂಡಿದ್ದವು ಎಂಬುದನ್ನು ಭರವಸೆಯಾಗಿ ಹಿಡಿಯಬೇಡಿ. 2018ರ ಅಕ್ಟೋಬರಿನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಮೃಗಾಲಯದಲ್ಲಿ ಎಂಟು ವರ್ಷ ಜೊತೆಗಿದ್ದು ಮೂರು ಮರಿಗಳನ್ನು ಕಂಡ ಜೋಡಿಯಲ್ಲಿ ಸಿಂಹಿಣಿಯೇ ಗಂಡಿನ ಕುತ್ತಿಗೆ ಹಿಡಿದು ಉಸಿರುಗಟ್ಟಿಸಿ ಕೊಂದಿತು. ಹಳೆಯ ಜೊತೆಗಾರರ ನಡುವೆ ದಿಢೀರ್ ಜಗಳವಾದರೆ ಪೆಟ್ಟು ತಿಂದದ್ದನ್ನೂ ಕೊಟ್ಟದ್ದನ್ನೂ ಪರೀಕ್ಷಿಸಿ. ಮುರಿದ ಹಲ್ಲು, ಕೀಲುನೋವು, ಮೂತ್ರಪಿಂಡದ ಕಾಯಿಲೆ ಎಷ್ಟೋ ಸಲ ಹಾಗೆಯೇ ಬೆಳಕಿಗೆ ಬರುತ್ತವೆ.

ಪ್ರಶ್ನೆ: ಕಾದಾಟ ನಡೆಯುತ್ತಿರುವಾಗಲೇ ಅರಿವಳಿಕೆಯ ಡಾರ್ಟ್ ಹೊಡೆಯಬಹುದೇ?

ಉತ್ತರ: ಬೇಡ. ಮದ್ದು ಏರಲು ಹಲವು ನಿಮಿಷ ಬೇಕು, ಮೊದಲು ಜೋಲಿದ್ದು ಯಾವುದೋ ಅದಕ್ಕೇ ಸಾವು. ನೀರಿನ ರಭಸವನ್ನು ಮೇಲುಗೈ ಪಡೆದದ್ದರ ಮುಖಕ್ಕೆ ಬಿಡಿ, ಸಿಲಿಂಡರಿನ ಅಬ್ಬರ ಸೇರಿಸಿ, ಬಿಟ್ಟ ಕ್ಷಣ ಸೋತದ್ದಕ್ಕೆ ಬಾಗಿಲು ತೆರೆಯಿರಿ. ದಿನವೂ ಒಂದೇ ಕರೆಗೆ ಒಳಬರುವಂತೆ ಮಾಂಸದ ತುಂಡು ಕೊಟ್ಟು ರೂಢಿ ಮಾಡಿಸಿದ್ದರೆ ಈ ಹೊತ್ತಿನಲ್ಲಿ ಅದು ಕೈಹಿಡಿಯುತ್ತದೆ. ಆವರಣದೊಳಕ್ಕೆ ಮನುಷ್ಯರು ಯಾವ ಕಾರಣಕ್ಕೂ ಇಳಿಯಬಾರದು.

ಕಾದಾಟದ ಮೇಲೆ ಚರ್ಮದಲ್ಲಿ ಬಟಾಣಿ ಗಾತ್ರದ ತೂತಷ್ಟೇ ಕಂಡರೆ ನೆಮ್ಮದಿಪಡಬೇಡಿ. ಕೋರೆಹಲ್ಲು ಸ್ನಾಯುವಿನ ಆಳಕ್ಕೆ ಹೋಗಿರುತ್ತದೆ, ಬಾಯಿಯ ಪಾಶ್ಚುರೆಲ್ಲಾ ಮುಂತಾದ ಬ್ಯಾಕ್ಟೀರಿಯಾ ಒಳಗೆ ಉಳಿದಿರುತ್ತವೆ, ಮೇಲಿನ ಚರ್ಮ ಬೇಗ ಮುಚ್ಚಿ ಕೆಲವೇ ದಿನದಲ್ಲಿ ಕೀವು ಕಟ್ಟುತ್ತದೆ. ಒಂದೇ ಜಾಗ ನೆಕ್ಕುವುದು, ಮಾಂಸ ಬಿಡುವುದು, ಹಿಂಗಾಲು ಎಳೆಯುವುದು ಕಂಡರೆ ವೈದ್ಯರು ಅಂದೇ ನೋಡಬೇಕು. ಕೇಸರದೊಳಗಿನ ಗಾಯ ಕಣ್ಣಿಗೆ ಬೀಳುವುದಿಲ್ಲ, ಅದು ನೊಣ ಮುತ್ತಿದಾಗಲೇ ತಿಳಿಯುವುದು.

ಪ್ರಶ್ನೆ: ಮೂರು ಸಲ ಪ್ರಯತ್ನಿಸಿದೆವು, ಮೂರು ಸಲವೂ ರಕ್ತ. ಇನ್ನೊಮ್ಮೆ?

ಉತ್ತರ: ಬೇಡ. ಆವರಣ ಬದಲಿಸದೆ, ಹೆಣ್ಣನ್ನು ದೂರ ಮಾಡದೆ ನಾಲ್ಕನೆಯ ಸಲ ಬಿಟ್ಟರೆ ಫಲಿತಾಂಶ ಬದಲಾಗಲು ಕಾರಣವೇ ಇಲ್ಲ. ಸೋತದ್ದಕ್ಕೆ ಶಾಶ್ವತವಾಗಿ ಬೇರೆ ಮನೆ ಕೊಡಿ. ಹೊರ ಆವರಣ ಒಂದೇ ಇದ್ದರೆ ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ವಾರಕ್ಕೊಮ್ಮೆ ಸರದಿ ತಿರುಗಿಸಿ. ರಾತ್ರಿ ಕೊಠಡಿಗಳು ಅಕ್ಕಪಕ್ಕದಲ್ಲಿ ಬೇಡ, ನಡುವೆ ಒಂದು ಖಾಲಿ ಬಿಡಿ. ಎರಡು ಬಾಗಿಲುಗಳಿಗೂ ಬೇರೆಬೇರೆ ಬೀಗ, ಬೇರೆಬೇರೆ ಬಣ್ಣದ ಕೀಲಿ ಇಟ್ಟು, ಒಂದು ಸಿಂಹ ಒಳಗೆ ಬಂದದ್ದನ್ನು ಇಬ್ಬರು ಕಣ್ಣಾರೆ ಕಂಡ ಮೇಲೆಯೇ ಇನ್ನೊಂದರ ಬಾಗಿಲು ಎತ್ತಿ.