ಕರಪತ್ರ ತಗೊಂಡವರು ಸಭೆಗೆ ಯಾಕೆ ಬರುವುದಿಲ್ಲ?

ಉತ್ತರ: ಕ್ರೈಸ್ತ ಸಭೆಯ ಇತಿಹಾಸ ಕಲಿಸುವ ಅಧ್ಯಾಪಕರು, ಧಾರವಾಡ

ಪ್ರಶ್ನೆ: ಸಂತೆ, ಜಾತ್ರೆಗಳಲ್ಲಿ ಸುವಾರ್ತೆಯ ಕರಪತ್ರ ಹಂಚುತ್ತೇವೆ. ಜನ ತಗೊಂಡು 'ಎಲ್ಲಾ ದೇವ್ರೂ ಒಂದೇ' ಅಂತಾರೆ. ಸಭೆಗೆ ಬರುವುದಿಲ್ಲ. ಯಾವ ವಿಧಾನ ಸರಿ? (ಬೆಟಗೇರಿ)

ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಎಲ್ಲರಿಗೂ ವಿಧಾನ ಬೇಕು. ಎದುರಿಗೆ ನಿಂತ ಮನುಷ್ಯನ ಬಗ್ಗೆ ಯಾರೂ ಕೇಳುವುದಿಲ್ಲ. 'ಎಲ್ಲಾ ದೇವ್ರೂ ಒಂದೇ' ಅಂದವರು ಜಗಳವಿಲ್ಲದೆ ಮಾತು ಮುಗಿಸಿದ್ದಾರೆ, ಅಷ್ಟೇ.

ಇದು ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಿಮ್ಮ ಬೆಟಗೇರಿಗೆ ಬಂದರು. ಸಂತೆಯಲ್ಲಿ ನಿಂತು ಸಾರಿದರು. ಜನ ಕೇಳಿದರು, ವಾದ ಮಾಡಿದರು, ಮನೆಗೆ ಹೋದರು. ಕಾಲಜ್ಞಾನ ನಂಬುತ್ತಿದ್ದ ಕೆಲವರು ಆಸಕ್ತಿ ತೋರಿಸಿದಾಗ, ಊರಿಗೆ ಊರೇ ಸೇರುತ್ತದೆ ಎಂದು ಮಿಶನರಿಗಳು ಆಸೆಪಟ್ಟರು. ಹಾಗಾಗಲಿಲ್ಲ. ಆದರೆ ಜನ ಮಿಶನ್ ಶಾಲೆಗೆ ಮಕ್ಕಳನ್ನು ಕಳಿಸಿದರು. ಅದೇ ಮಿಶನ್‌ನ ಕಿಟೆಲ್ ಅವರ 1894ರ ಕನ್ನಡ-ಇಂಗ್ಲಿಷ್ ನಿಘಂಟನ್ನು ಕನ್ನಡಿಗರು ಇವತ್ತಿಗೂ ಅಭಿಮಾನದಿಂದ ನೆನೆಯುತ್ತಾರೆ. ಗೌರವ ಕೊಟ್ಟರು, ಧರ್ಮ ಬಿಡಲಿಲ್ಲ. ಎರಡನ್ನೂ ಕಲಸಬೇಡಿ.

ದೇವರ ಜಗಲಿ ಮೇಲೆ ಬಸವಣ್ಣ, ಎಲ್ಲಮ್ಮನ ಪಕ್ಕ ಯೇಸುವಿನ ಫೋಟೊ ಇಟ್ಟವರೂ ಇದ್ದಾರೆ. ಅದು ಅವರ ನಿಜವಾದ ಭಕ್ತಿ. ಅದನ್ನೇ ನೋಡಿ 'ಒಂದು ಮನೆ ಸೇರಿತು' ಎಂದು ವರದಿ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇಲ್ಲಿ ಜಾಸ್ತಿ ಜನ ಮುನಿಯುವುದು ಯೇಸುವಿನ ಹೆಸರಿಗಲ್ಲ. ತಮ್ಮ ಮನೆದೇವರನ್ನು ಸೈತಾನ ಅಂದಾಗ, ಓಣಿಯಲ್ಲಿ ಮೈಕ್ ಹಚ್ಚಿದಾಗ, ಗೆಳೆತನ ಬೆಳೆಸಿದ್ದೇ ಸಭೆಗೆ ಕರೆಯಲು ಎಂದು ಗೊತ್ತಾದಾಗ ಮುನಿಯುತ್ತಾರೆ. ಇನ್ನು ಕೇಳಬೇಕು ಅನಿಸಿದವರಿಗೂ ಬೀಗರು, ಮಕ್ಕಳ ಮದುವೆ, ನೆರೆಹೊರೆ ಕಣ್ಣ ಮುಂದೆ ಬರುತ್ತವೆ. ಆ ಭಯ ಸಣ್ಣದಲ್ಲ, ಅಲ್ವಾ? ಅವಸರ ಮಾಡಬೇಡಿ. ಅವರಾಗಿ ಕೇಳಿದರೆ ಹೇಳಿ. ಬೇಡ ಅಂದರೆ ನಿಲ್ಲಿಸಿ, ಮರುದಿನವೂ ಮೊದಲಿನ ಹಾಗೇ ಮಾತನಾಡಿಸಿ.

ಪ್ರಶ್ನೆ: ರೇಷನ್ ಕಿಟ್ ಜೊತೆ ಕರಪತ್ರ ಇಡಬಹುದಾ? (ಗದಗ)

ಬೇಡ. ಹಸಿದವರಿಗೆ ಸುಮ್ನೆ ಕೊಡಿ.

ಪ್ರಶ್ನೆ: ಪ್ರಚಾರ ಮಾಡುವ ಹಕ್ಕಿರುವಾಗ ಮತಾಂತರ ಮಾಡುವ ಹಕ್ಕೂ ಇದೆಯಲ್ಲವೇ? (ಹುಬ್ಬಳ್ಳಿ)

ಇಲ್ಲ. ನಂಬಿಕೆಯನ್ನು ತಿಳಿಸಬಹುದು, ಇನ್ನೊಬ್ಬರನ್ನು ಮತಾಂತರಿಸುವುದು ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ.

ಪ್ರಶ್ನೆ: ಪ್ರಾರ್ಥನೆಯಿಂದ ಕಾಯಿಲೆ ವಾಸಿ ಅಂದರೆ ತುಂಬಾ ಜನ ಬರುತ್ತಾರೆ. ತಪ್ಪೇನು? (ಹಾವೇರಿ)

ನೋವಿದ್ದವರು ಎಲ್ಲಿ ಕರೆದರೂ ಬರುತ್ತಾರೆ. ಅವರಿಗಾಗಿ ಪ್ರಾರ್ಥಿಸಿ, ವಾಸಿಯಾಗುತ್ತದೆ ಎಂದು ಮಾತು ಕೊಡಬೇಡಿ. ಮೂರ್ಛೆರೋಗದ ಮಾತ್ರೆ ಬಿಡಿಸುವವರನ್ನು ನಾನು ಬೋಧಕರು ಅನ್ನುವುದಿಲ್ಲ. ಆ ಮಾತ್ರೆ ಒಮ್ಮೆಲೇ ನಿಂತರೆ ಜೀವವೇ ಹೋಗಬಹುದು. ಬಾಸೆಲ್ ಮಿಶನ್‌ನವರೂ ಪ್ರಾರ್ಥಿಸುತ್ತಿದ್ದರು, ಬೆಟಗೇರಿಯಲ್ಲಿ ಆಸ್ಪತ್ರೆಯನ್ನೂ ಕಟ್ಟಿದರು.